ಜೋಡಿ ಕ್ಯಾಟಲಿಸ್ಟ್ ಹತ್ತೇ ದಿನದಲ್ಲಿ ಸೊರಗುವುದೇಕೆ?

ಪ್ರಶ್ನೆ: ಸಿನ್‌ಗ್ಯಾಸ್‌ನಿಂದ (ಕಾರ್ಬನ್ ಮಾನಾಕ್ಸೈಡ್ ಅಂದರೆ ಸಿಓ ಮತ್ತು ಹೈಡ್ರೋಜನ್‌ಗಳ ಮಿಶ್ರಣ) ಒಂದೇ ಹಂತದಲ್ಲಿ ಡೈಮಿಥೈಲ್ ಈಥರ್ (ಡಿಎಂಇ) ತಯಾರಿಸುವ ಪ್ರಯೋಗ ನಡೆಸಿದ್ದೇವೆ. ತಾಮ್ರ–ಸತು–ಅಲ್ಯೂಮಿನಾದ ಮೆಥನಾಲ್ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಎರಡು ಪಾಲು, ಝಡ್‌ಎಸ್‌ಎಂ-5 ಜಿಯೋಲೈಟ್ (ಸೂಕ್ಷ್ಮ ರಂಧ್ರಗಳ ಘನ ಆಮ್ಲ; ಸಿಲಿಕಾನ್–ಅಲ್ಯೂಮಿನಿಯಂ ಅನುಪಾತ 15) ಒಂದು ಪಾಲು. ಎರಡನ್ನೂ ಒಟ್ಟಿಗೆ ಅರೆದು, ಸ್ವಲ್ಪ ನೀರು ಹಾಕಿ ಕಲಸಿ, ಒಣಗಿಸಿ, ಬಿಲ್ಲೆ ಒತ್ತಿ, ಒಡೆದು ತುಂಬಿದ್ದೇವೆ. 260 ಡಿಗ್ರಿ ಸೆಲ್ಸಿಯಸ್, 50 ಬಾರ್, ಹೈಡ್ರೋಜನ್ ಮತ್ತು ಸಿಓ 2:1. ಮೊದಲ ದಿನ ಸಿಓ ಪರಿವರ್ತನೆ ಶೇ 63 ಇತ್ತು, ಹತ್ತನೇ ದಿನ ಶೇ 41. ಉತ್ಪನ್ನದಲ್ಲಿ ಮೆಥನಾಲ್ ಪಾಲು ಶೇ 3ರಿಂದ 14ಕ್ಕೆ ಏರಿದೆ. ಇದೇ ಮೆಥನಾಲ್ ಕ್ಯಾಟಲಿಸ್ಟ್ ಒಂಟಿಯಾಗಿದ್ದಾಗ ಇಷ್ಟು ಬೇಗ ಕೈಕೊಡಲಿಲ್ಲ. ಸತ್ತದ್ದು ಯಾವುದು? ಮತ್ತೆ ಚುರುಕಾಗಿಸಬಹುದೆ?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ: ‘ಒಟ್ಟಿಗೆ ಅರೆದು, ನೀರು ಹಾಕಿ ಕಲಸಿ’. ಮೊದಲು ಸೋತದ್ದು ಬಹುಮಟ್ಟಿಗೆ ಜಿಯೋಲೈಟ್. ಅದರ ಸೋಲು ರಿಯಾಕ್ಟರಿನಲ್ಲಿ ಅಲ್ಲ, ನಿಮ್ಮ ಒರಳಿನಲ್ಲೇ ಶುರುವಾಗಿರುವ ಸಾಧ್ಯತೆ ಹೆಚ್ಚು. ತಾಮ್ರಕ್ಕೂ ಏಟು ಬಿದ್ದಿರಬಹುದು. ಅದನ್ನು ಊಹೆಯ ಮೇಲೆ ಹೇಳುವುದು ಬೇಡ, ತಿಳಿಯುವ ದಾರಿ ಕೆಳಗೆ ಬರೆದಿದ್ದೇನೆ.

ಈ ಜೋಡಿಯಿಂದ ಸಿಗುವ ಲಾಭ ಯಾವುದು ಎಂಬುದನ್ನು ಮೊದಲು ನೋಡೋಣ. ನಷ್ಟ ಬರುವುದೂ ಅಲ್ಲಿಂದಲೇ. ತಾಮ್ರದ ಮೇಲೆ ಒಂದು ಸಿಓ, ಎರಡು ಹೈಡ್ರೋಜನ್ ಸೇರಿ ಮೆಥನಾಲ್ ಆಗುತ್ತದೆ (ಮೋಲ್‌ಗೆ ಸುಮಾರು 91 ಕಿಲೋಜೌಲ್ ಶಾಖ ಹೊರಬರುತ್ತದೆ). ಜಿಯೋಲೈಟ್‌ನ ಆಮ್ಲ ತಾಣದ ಮೇಲೆ ಎರಡು ಮೆಥನಾಲ್ ಸೇರಿ ಒಂದು ಡಿಎಂಇ, ಒಂದು ನೀರು (ಸುಮಾರು 23 ಕಿಲೋಜೌಲ್). ಆ ನೀರನ್ನು ತಾಮ್ರವೇ ಸಿಓ ಜೊತೆ ಸೇರಿಸಿ ಕಾರ್ಬನ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಮಾಡುತ್ತದೆ (41 ಕಿಲೋಜೌಲ್). ಒಟ್ಟು ಲೆಕ್ಕದಲ್ಲಿ ಮೂರು ಸಿಓ, ಮೂರು ಹೈಡ್ರೋಜನ್ ಹೋಗಿ ಒಂದು ಡಿಎಂಇ, ಒಂದು ಕಾರ್ಬನ್ ಡೈಆಕ್ಸೈಡ್; ಡಿಎಂಇ ಮೋಲ್ ಒಂದಕ್ಕೆ 246 ಕಿಲೋಜೌಲ್ ಶಾಖ. ಮೆಥನಾಲ್ ಮಾತ್ರ ಆಗುತ್ತಿದ್ದರೆ ನಿಮ್ಮ ಸ್ಥಿತಿಯಲ್ಲಿ ಸಮತೋಲನವೇ (ಮುಮ್ಮುಖ, ಹಿಮ್ಮುಖ ಕ್ರಿಯೆಗಳು ಸರಿಸಮವಾಗುವ ಸ್ಥಿತಿ) ಸಿಓ ಪರಿವರ್ತನೆಯನ್ನು ಅರ್ಧದ ಆಸುಪಾಸಿನಲ್ಲಿ ಕಟ್ಟಿಹಾಕುತ್ತದೆ. ಆದ ಮೆಥನಾಲನ್ನು ಆಮ್ಲವು ಕೂಡಲೇ ಎತ್ತಿಕೊಂಡು ಹೋಗುವುದರಿಂದ ಆ ಗೋಡೆ ಹಿಂದೆ ಸರಿಯುತ್ತದೆ. ನಿಮ್ಮ ಶೇ 63 ಬಂದದ್ದು ಹೀಗೆ.

ಅಂದರೆ ಆಮ್ಲದ ಭಾಗ ಸೊರಗಿದರೆ ಮೆಥನಾಲ್ ಉಳಿಯುವುದಷ್ಟೇ ಅಲ್ಲ, ಸಿಓ ಪರಿವರ್ತನೆಯೂ ಇಳಿಯುತ್ತದೆ. ‘ಪರಿವರ್ತನೆ ಇಳಿಯಿತು, ಹಾಗಾದರೆ ತಾಮ್ರ ಹೋಯಿತು’ ಎಂದು ತೀರ್ಮಾನಿಸುವವರೇ ಹೆಚ್ಚು. ಈ ವಿಷಯದಲ್ಲಿ ಅತಿ ಸಾಮಾನ್ಯ ತಪ್ಪು ಇದೇ ಎಂದು ನನ್ನ ಎಣಿಕೆ.

ಸತ್ತದ್ದು ಯಾವುದು ಎಂದು ಗ್ಯಾಸ್ ಕ್ರೊಮಟೋಗ್ರಾಫ್ (ಅನಿಲದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಅಂಕಿಗಳಿಂದಲೇ ಸುಮಾರಾಗಿ ತಿಳಿಯಬಹುದು. ಹೊರಬರುವ ಅನಿಲದಲ್ಲಿ ಡಿಎಂಇ ಪ್ರಮಾಣವನ್ನು ನೀರಿನ ಪ್ರಮಾಣದಿಂದ ಗುಣಿಸಿ, ಮೆಥನಾಲಿನ ವರ್ಗದಿಂದ ಭಾಗಿಸಿ. ಮೂರೂ ಮೋಲ್ ಪಾಲಿನಲ್ಲಿರಲಿ. 260 ಡಿಗ್ರಿಯಲ್ಲಿ ಈ ಸಂಖ್ಯೆಯ ಸಮತೋಲನ ಬೆಲೆ 10ರ ಆಸುಪಾಸು. ಮೊದಲ ದಿನದ ಲೆಕ್ಕ ಅದರ ಹತ್ತಿರ ಬಂದು ಹತ್ತನೇ ದಿನದ್ದು 1ರ ಕೆಳಗೆ ಬಿದ್ದಿದ್ದರೆ ಆಮ್ಲದ ಭಾಗ ಸೊರಗಿದೆ. ಪರಿವರ್ತನೆ ಇಳಿದರೂ ಈ ಸಂಖ್ಯೆ 10ರ ಬಳಿಯೇ ನಿಂತಿದ್ದರೆ ಆಮ್ಲ ಇನ್ನೂ ಸಾಕಷ್ಟಿದೆ, ಸೊರಗಿದ್ದು ತಾಮ್ರ. ನೀರನ್ನು ಸರಿಯಾಗಿ ಅಳೆಯದಿದ್ದರೆ ಈ ಲೆಕ್ಕ ಕೆಡುತ್ತದೆ. ರಿಯಾಕ್ಟರಿನಿಂದ ಕ್ರೊಮಟೋಗ್ರಾಫ್‌ವರೆಗಿನ ಕೊಳವೆ ಪೂರ್ತಿ 150 ಡಿಗ್ರಿಯ ಮೇಲಿರಬೇಕು. ಒಂದು ಕೀಲು ತಣ್ಣಗಿದ್ದರೂ ಅಲ್ಲಿ ನೀರು, ಮೆಥನಾಲ್ ಎರಡೂ ಇಳಿದು ಕೂತು ಅಂಕಿ ಸುಳ್ಳು ಹೇಳುತ್ತದೆ.

ನಿಮ್ಮ ಮೆಥನಾಲ್ ಏರಿಕೆ ನೋಡಿದರೆ ಆಮ್ಲ ಸೋತಿರುವುದು ಸ್ಪಷ್ಟ. ಆದರೆ ಶೇ 41 ಎಂಬುದು ಮೆಥನಾಲ್ ಒಂದೇ ಆಗುತ್ತಿದ್ದಾಗಿನ ಮಿತಿಗಿಂತಲೂ ಕೆಳಗಿದೆ. ಅನಿಲದ ವೇಗ ಹೆಚ್ಚಿದ್ದರೆ ಆರೋಗ್ಯವಂತ ತಾಮ್ರವೂ ಆ ಮಿತಿ ಮುಟ್ಟದೆ ಇರಬಹುದು. ಹಾಗಾಗಿ ಇದೊಂದರಿಂದ ತಾಮ್ರದ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ಸರಳ ಪರೀಕ್ಷೆ ಹೀಗೆ. ಬಳಸಿದ ಕ್ಯಾಟಲಿಸ್ಟನ್ನು ಎರಡು ಪಾಲು ಮಾಡಿ. ಒಂದು ಪಾಲಿಗೆ ಹೊಸ ಜಿಯೋಲೈಟ್ ಕಾಳುಗಳನ್ನು, ಇನ್ನೊಂದಕ್ಕೆ ಹೊಸ ತಾಮ್ರದ ಕ್ಯಾಟಲಿಸ್ಟ್ ಕಾಳುಗಳನ್ನು ಬೆರೆಸಿ, ಪ್ರತಿಯೊಂದನ್ನೂ ಮತ್ತೆ ಹೈಡ್ರೋಜನ್‌ನಿಂದ ಅಪಕರ್ಷಿಸಿ (ತಾಮ್ರದ ಆಕ್ಸೈಡಿನ ಆಮ್ಲಜನಕ ತೆಗೆದು ಲೋಹವಾಗಿಸಿ), ಅದೇ ಸ್ಥಿತಿಯಲ್ಲಿ ಓಡಿಸಿ. ಮೊದಲನೆಯದು ಚೇತರಿಸಿಕೊಂಡರೆ ಸತ್ತದ್ದು ಆಮ್ಲ, ಎರಡನೆಯದು ಚೇತರಿಸಿಕೊಂಡರೆ ತಾಮ್ರ. ಎರಡೂ ಅರ್ಧರ್ಧ ಚೇತರಿಸಿಕೊಂಡರೆ ಎರಡಕ್ಕೂ ಏಟು ಬಿದ್ದಿದೆ. ದುಬಾರಿ ಉಪಕರಣಗಳ ಮುಂದೆ ಸಾಲು ನಿಲ್ಲುವುದಕ್ಕಿಂತ ಮೊದಲು ಇದನ್ನು ಮಾಡಿ.

ಈಗ ಜಿಯೋಲೈಟ್‌ಗೆ ಏನಾಯಿತು ನೋಡೋಣ. ಝಡ್‌ಎಸ್‌ಎಂ-5ರ ಆಮ್ಲತೆ ಎಂದರೆ ಅದರ ಚೌಕಟ್ಟಿನಲ್ಲಿರುವ ಪ್ರತಿ ಅಲ್ಯೂಮಿನಿಯಂ ಪರಮಾಣುವಿನ ಪಕ್ಕ ಕೂತಿರುವ ಒಂದು ಪ್ರೋಟಾನ್. ಸತುವಿನ ಆಕ್ಸೈಡ್ ಪ್ರತ್ಯಾಮ್ಲ ಗುಣವುಳ್ಳದ್ದು. ಎರಡನ್ನೂ ನುಣ್ಣಗೆ ಅರೆದು ಒತ್ತಿದಾಗ, ಅದರಲ್ಲೂ ನೀರಿದ್ದಾಗ, ಸತುವಿನ ಅಯಾನು ಜಿಯೋಲೈಟ್ ಒಳಗೆ ಹೋಗಿ ಪ್ರೋಟಾನ್‌ನ ಜಾಗ ಹಿಡಿಯುತ್ತದೆ, ಪ್ರೋಟಾನ್ ನೀರಾಗಿ ಹೊರಹೋಗುತ್ತದೆ. ಒಂದು ಸತು ಅಯಾನು ಎರಡು ಪ್ರೋಟಾನ್‌ಗಳನ್ನು ಕಳೆಯಬಲ್ಲದು. ಅರೆದದ್ದನ್ನು ಮತ್ತೆ ಸುಟ್ಟು ಹದಮಾಡಿದರೆ ತಾಮ್ರದ ಅಯಾನೂ ಇದೇ ದಾರಿ ಹಿಡಿಯುತ್ತದೆ.

ಎಷ್ಟು ಸತು ಬೇಕು ಎಂದು ಲೆಕ್ಕ ಹಾಕಿ. ಸಿಲಿಕಾನ್–ಅಲ್ಯೂಮಿನಿಯಂ ಅನುಪಾತ 15 ಇರುವ ಜಿಯೋಲೈಟ್‌ನಲ್ಲಿ ಗ್ರಾಂಗೆ ಸುಮಾರು 1 ಮಿಲಿಮೋಲ್ ಪ್ರೋಟಾನ್ ಇರುತ್ತದೆ. ಅಷ್ಟನ್ನೂ ಕೊಲ್ಲಲು 0.5 ಮಿಲಿಮೋಲ್ ಸತು, ಅಂದರೆ 33–34 ಮಿಲಿಗ್ರಾಂ ಸಾಕು. ನಿಮ್ಮ ಮಿಶ್ರಣದಲ್ಲಿ ಗ್ರಾಂ ಜಿಯೋಲೈಟ್‌ಗೆ ಎರಡು ಗ್ರಾಂ ತಾಮ್ರದ ಕ್ಯಾಟಲಿಸ್ಟ್ ಇದೆ. ಅದರಲ್ಲಿ ಸತುವಿನ ಆಕ್ಸೈಡ್ ಶೇ 25 ಎಂದು ಹಿಡಿದರೆ ಸತು 400 ಮಿಲಿಗ್ರಾಂ. ಹನ್ನೆರಡರಲ್ಲಿ ಒಂದು ಪಾಲು ಸತು ದಾಟಿಹೋದರೆ ಆಮ್ಲವೆಲ್ಲ ಮುಗಿದಂತೆ. ತಾಮ್ರದ ಕ್ಯಾಟಲಿಸ್ಟ್ ಕಡೆಯಿಂದ ನೋಡಿದರೆ ಅಷ್ಟು ನಷ್ಟ ಕಣ್ಣಿಗೇ ಬೀಳುವುದಿಲ್ಲ.

ಹಾಗಿದ್ದರೆ ಮೊದಲ ದಿನ ಚೆನ್ನಾಗಿಯೇ ನಡೆಯಿತಲ್ಲ ಎಂದು ನೀವು ಕೇಳಬಹುದು. ಝಡ್‌ಎಸ್‌ಎಂ-5 ಮೆಥನಾಲ್ ನಿರ್ಜಲೀಕರಣಕ್ಕೆ ಅಗತ್ಯಕ್ಕಿಂತ ಎಷ್ಟೋ ಪಟ್ಟು ಚುರುಕು. ಅರ್ಧ ತಾಣಗಳು ಸತ್ತರೂ ಉಳಿದರ್ಧ ಬಂದ ಮೆಥನಾಲನ್ನೆಲ್ಲ ಡಿಎಂಇ ಮಾಡಿಬಿಡುತ್ತದೆ, ಅಂಕಿಯಲ್ಲಿ ಏನೂ ಕಾಣುವುದಿಲ್ಲ. ಉಳಿತಾಯ ಖಾತೆ ಕರಗುತ್ತಿದ್ದರೂ ದಿನದ ಖರ್ಚು ನಡೆದ ಹಾಗೆ. ಖಾತೆ ಖಾಲಿಯಾದ ದಿನ ಮೆಥನಾಲ್ ಏರಲು ಶುರು. ‘ನೂರು ಗಂಟೆ ಸ್ಥಿರವಾಗಿತ್ತು, ಆಮೇಲೆ ಇದ್ದಕ್ಕಿದ್ದಂತೆ ಬಿತ್ತು’ ಎಂಬ ವರದಿಗಳ ಹಿಂದೆ ಅನೇಕ ಸಲ ಇರುವುದು ಇಷ್ಟೇ. ಸ್ಥಿರತೆ ಪರೀಕ್ಷಿಸಬೇಕಾದರೆ ಅನಿಲದ ವೇಗ ಏರಿಸಿ, ಪರಿವರ್ತನೆಯನ್ನು ಸಮತೋಲನದಿಂದ ಬಹಳ ಕೆಳಗೆ, ಶೇ 20–30ರಲ್ಲಿ ಇಟ್ಟು ನೋಡಬೇಕು. ಸಮತೋಲನದ ಹತ್ತಿರ ಓಡಿಸಿದ ಪ್ರಯೋಗ ಕ್ಯಾಟಲಿಸ್ಟಿನ ಆರೋಗ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಅಯಾನುಗಳ ಈ ಓಡಾಟ ರಿಯಾಕ್ಟರಿನಲ್ಲೂ ನಿಲ್ಲದು. ಅಲ್ಲಿ ನೀರಿನ ಆವಿ, ಮೆಥನಾಲ್, ಒತ್ತಡದ ಸಿಓ ಇವೆ. ಕಣ ಕಣಕ್ಕೆ ತಾಗಿದ್ದರೆ ಸತು ನಿಧಾನವಾಗಿ ಹರಿಯುತ್ತಲೇ ಇರುತ್ತದೆ. ಇದು ಜಿಯೋಲೈಟ್‌ಗೆ ಮಾತ್ರ ಸೀಮಿತವಲ್ಲ. 1990ರ ದಶಕದಲ್ಲಿ ಅಮೆರಿಕದ ಏರ್ ಪ್ರಾಡಕ್ಟ್ಸ್ ಕಂಪನಿ ಎಣ್ಣೆಯಲ್ಲಿ ಪುಡಿ ತೇಲಿಸುವ ಸ್ಲರಿ ರಿಯಾಕ್ಟರಿನಲ್ಲಿ ಮೆಥನಾಲ್ ಕ್ಯಾಟಲಿಸ್ಟ್ ಮತ್ತು ಗ್ಯಾಮಾ ಅಲ್ಯೂಮಿನಾ (ಇನ್ನೊಂದು ಘನ ಆಮ್ಲ) ಬೆರೆಸಿ ಓಡಿಸಿದಾಗಲೂ, ಒಂಟಿಯಾಗಿ ಬಾಳುತ್ತಿದ್ದ ಎರಡೂ ಜೊತೆಯಲ್ಲಿ ಬೇಗ ಸೊರಗಿದವು. ಅವರು ಅಲ್ಯೂಮಿನಿಯಂ ಫಾಸ್ಫೇಟ್ ಆಧಾರದ ಆಮ್ಲದತ್ತ ಹೊರಳಿದ್ದು ಆ ಕಾರಣಕ್ಕೆ. ವರ್ಗಾವಣೆ ಎದುರು ದಿಕ್ಕಿನಲ್ಲೂ ನಡೆಯುತ್ತದೆ: ಜಿಯೋಲೈಟ್ ಚೌಕಟ್ಟಿನಿಂದ ಕಳಚಿದ ಅಲ್ಯೂಮಿನಿಯಂ ತಾಮ್ರ–ಸತು ಗಡಿಗೆ ಬಂದು ಕೂತರೆ ಮೆಥನಾಲ್ ಆಗುವ ತಾಣಗಳು ಮುಚ್ಚುತ್ತವೆ.

ಇನ್ನೊಬ್ಬ ಸದ್ದಿಲ್ಲದ ಕಳ್ಳ ಸೋಡಿಯಂ. ತಾಮ್ರದ ಕ್ಯಾಟಲಿಸ್ಟನ್ನು ಸೋಡಿಯಂ ಕಾರ್ಬೊನೇಟ್ ಹಾಕಿ ಒತ್ತರಿಸಿರುತ್ತಾರೆ. ಸರಿಯಾಗಿ ತೊಳೆಯದೆ ಉಳಿದ ಸೋಡಿಯಂ ನೀರಿನ ಜೊತೆ ಸೀದಾ ಜಿಯೋಲೈಟ್‌ಗೆ ಹೋಗಿ ಪ್ರೋಟಾನ್ ಕಿತ್ತುಹಾಕುತ್ತದೆ. ಉಳಿದ ಸೋಡಿಯಂ ತಾಮ್ರದ ಕಣಗಳು ಗಂಟು ಕಟ್ಟುವುದಕ್ಕೂ ಸಹಾಯ ಮಾಡುತ್ತದೆ. ಬಿಲ್ಲೆ ಗಟ್ಟಿಯಾಗಲಿ ಎಂದು ಸಿಲಿಕಾ ಸಾಲ್ (ನೀರಿನಲ್ಲಿ ತೇಲುವ ಸಿಲಿಕಾ ಕಣಗಳ ದ್ರವ) ಬೆರೆಸುವವರು ಅದರ ಡಬ್ಬಿಯ ಮೇಲಿನ ಸೋಡಿಯಂ ಪ್ರಮಾಣವನ್ನೂ ಓದಿಕೊಳ್ಳಬೇಕು.

ಆಮ್ಲ ಹೋಗಿದೆಯೆ ಎಂದು ಅಳೆಯಲು ಹೆಚ್ಚಿನವರು ಅಮೋನಿಯಾ ಹೀರಿಸಿ, ಬಿಸಿ ಮಾಡುತ್ತಾ ಬಿಡಿಸುವ ಪರೀಕ್ಷೆಗೆ ಹೋಗುತ್ತಾರೆ. ಜೋಡಿ ಕ್ಯಾಟಲಿಸ್ಟ್‌ನಲ್ಲಿ ಅದು ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ತಾಮ್ರ ಆಕ್ಸೈಡ್ ರೂಪದಲ್ಲಿದ್ದರೆ ಬಿಸಿಯಾಗುವಾಗ ಅಮೋನಿಯಾವನ್ನೇ ಉತ್ಕರ್ಷಿಸಿ ಸಾರಜನಕ, ನೀರು ಮಾಡುತ್ತದೆ. ಉಷ್ಣವಾಹಕತೆಯ ಡಿಟೆಕ್ಟರ್ ಅದನ್ನೂ ‘ಶಿಖರ’ ಎಂದೇ ಬರೆಯುತ್ತದೆ. ಎರಡನೆಯದಾಗಿ, ಜಿಯೋಲೈಟ್ ಒಳಗೆ ಕೂತ ಸತು, ತಾಮ್ರದ ಅಯಾನುಗಳು ಲೂಯಿಸ್ ಆಮ್ಲಗಳಾಗಿ (ಪ್ರೋಟಾನ್ ಕೊಡದೆ ಎಲೆಕ್ಟ್ರಾನ್ ಜೋಡಿ ಪಡೆಯುವ ಆಮ್ಲ) ತಾವೇ ಅಮೋನಿಯಾ ಹಿಡಿಯುತ್ತವೆ. ಒಟ್ಟು ಆಮ್ಲತೆ ಹಾಗೇ ಇದೆ, ಕೆಲವೊಮ್ಮೆ ಹೆಚ್ಚಾಗಿದೆ ಎಂದೂ ಕಾಣುತ್ತದೆ, ಪ್ರೋಟಾನ್ ಮಾತ್ರ ಇರುವುದಿಲ್ಲ. ಪಿರಿಡಿನ್ ಎಂಬ ಪ್ರತ್ಯಾಮ್ಲ ಹೀರಿಸಿ ಇನ್‌ಫ್ರಾರೆಡ್ ರೋಹಿತ ನೋಡುವುದು ವಾಸಿ: ಸೆಂಟಿಮೀಟರ್‌ಗೆ 1545 ತರಂಗಗಳ ಪಟ್ಟಿ ಪ್ರೋಟಾನ್ ಆಮ್ಲದ್ದು, 1450ರದ್ದು ಲೂಯಿಸ್ ಆಮ್ಲದ್ದು. ಮೊದಲನೆಯದು ಕುಗ್ಗಿ ಎರಡನೆಯದು ಬೆಳೆದಿದ್ದರೆ ಸತು ದಾಟಿದೆ ಎಂದೇ ಅರ್ಥ. 3610ರ ಬಳಿಯ ಹೈಡ್ರಾಕ್ಸಿಲ್ ಪಟ್ಟಿ ಕುಗ್ಗಿರುವುದು ಇದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಈ ಅಳತೆಯನ್ನು ರಿಯಾಕ್ಟರಿಗೆ ಹಾಕುವ ಮೊದಲೂ ಮಾಡಿ, ಅರೆಯುವಾಗಲೇ ಎಷ್ಟು ಹೋಯಿತು ಎಂಬುದು ಗೊತ್ತಾಗುತ್ತದೆ.

ತಾಮ್ರದ ವಿಷಯ ಬೇರೆ. ಅದರ ಶತ್ರು ಶಾಖ. ತಾಮ್ರ ಕರಗುವುದು 1085 ಡಿಗ್ರಿಯಲ್ಲಿ. ಕೆಲ್ವಿನ್ ಲೆಕ್ಕದಲ್ಲಿ ಅದರ ಹತ್ತರಲ್ಲಿ ಮೂರು ಪಾಲು, ಅಂದರೆ ಸುಮಾರು 134 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗಲೇ ಮೇಲ್ಮೈಯ ಪರಮಾಣುಗಳು ಅಲುಗಾಡಲು ತೊಡಗುತ್ತವೆ. ಅರ್ಧ ಮುಟ್ಟಿದಾಗ, ಸುಮಾರು 406 ಡಿಗ್ರಿಯಲ್ಲಿ, ಒಳಗಿನವೂ ಚಲಿಸುತ್ತವೆ. ನಿಮ್ಮ 260 ಡಿಗ್ರಿ ಈ ಎರಡರ ನಡುವೆ ಇದೆ. ಸತು ಮತ್ತು ಅಲ್ಯೂಮಿನಾ ನಡುವೆ ನಿಂತು ತಡೆಯದಿದ್ದರೆ ಕಣಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ಮೆಥನಾಲ್ ಸ್ಥಾವರಗಳಲ್ಲೇ ಈ ಕ್ಯಾಟಲಿಸ್ಟ್ ಮೊದಲ ಸಾವಿರ ಗಂಟೆಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಚುರುಕು ಕಳೆದುಕೊಂಡು, ಆಮೇಲೆ ನಿಧಾನವಾಗಿ ಇಳಿಯುತ್ತಾ ವರ್ಷಗಟ್ಟಲೆ ಬಾಳುತ್ತದೆ. ಆದ್ದರಿಂದ ಮೊದಲ ಕೆಲವು ದಿನದ ಸಣ್ಣ ಇಳಿತಕ್ಕೆ ಗಾಬರಿ ಬೇಡ.

ಗಾಬರಿಯಾಗಬೇಕಾದದ್ದು ನಿಮ್ಮ ಥರ್ಮೊಕಪಲ್ (ಉಷ್ಣಾಂಶ ಅಳೆಯುವ ತಂತಿ) ಕಾಣದ ಬಿಸಿ ಜಾಗಗಳಿಗೆ. ಮೇಲಿನ 246 ಕಿಲೋಜೌಲನ್ನು ಆರು ಮೋಲ್ ಅನಿಲಕ್ಕೆ ಹಂಚಿದರೆ ಖರ್ಚಾದ ಮೋಲ್‌ಗೆ 41 ಕಿಲೋಜೌಲ್. ಅನಿಲದ ಶೇ 10 ಮಾತ್ರ ಪರಿವರ್ತನೆಯಾಗಿ, ಶಾಖವೆಲ್ಲ ಅನಿಲದಲ್ಲೇ ಉಳಿದರೆ, ಮೋಲ್‌ಗೆ 30 ಜೌಲ್ ಉಷ್ಣಧಾರಣೆಯ ಲೆಕ್ಕದಲ್ಲಿ ಉಷ್ಣಾಂಶ 130 ಡಿಗ್ರಿಗೂ ಹೆಚ್ಚು ಏರುತ್ತದೆ. ಶೇ 63ರ ಪರಿವರ್ತನೆಯಲ್ಲಿ ಗೋಡೆಯ ಮೂಲಕ ಶಾಖ ಸಾಗಿಸದಿದ್ದರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಜಪಾನಿನ ಜೆಎಫ್‌ಇ ನೇತೃತ್ವದಲ್ಲಿ ಹೊಕ್ಕೈಡೋದ ಕುಶಿರೊದಲ್ಲಿ ನಡೆದ ದಿನಕ್ಕೆ 100 ಟನ್ ಡಿಎಂಇ ಸ್ಥಾವರ ಸ್ಲರಿ ರಿಯಾಕ್ಟರನ್ನೇ ಆರಿಸಿಕೊಂಡದ್ದು ಈ ಶಾಖವನ್ನು ಎಣ್ಣೆಗೆ ಹೊರಿಸಲೆಂದು. ಪ್ರಯೋಗಾಲಯದಲ್ಲಿ ಉಪಾಯ ಸುಲಭ: ಅರ್ಧ ಗ್ರಾಂ ಕ್ಯಾಟಲಿಸ್ಟ್, ಅದರ ನಾಲ್ಕೈದು ಪಟ್ಟು ಅದೇ ಗಾತ್ರದ ಸಿಲಿಕಾನ್ ಕಾರ್ಬೈಡ್ ಕಾಳು, ಒಳವ್ಯಾಸ 8–9 ಮಿಲಿಮೀಟರ್ ಕೊಳವೆ, ಹಾಸಿನ (ಕೊಳವೆಯಲ್ಲಿ ತುಂಬಿದ ಕ್ಯಾಟಲಿಸ್ಟ್ ಪದರ) ಉದ್ದಕ್ಕೂ ಸರಿಸಬಹುದಾದ ಥರ್ಮೊಕಪಲ್. ಹಾಸಿನ ಮೇಲ್ತುದಿಗೂ ಕೆಳತುದಿಗೂ 3 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಇನ್ನಷ್ಟು ತೆಳುವಾಗಿಸಿ.

ತಾಮ್ರ ಕೆಡುವ ಮೊದಲ ಅವಕಾಶ ಅಪಕರ್ಷಣೆಯಲ್ಲೇ ಇದೆ. ತಾಮ್ರದ ಆಕ್ಸೈಡ್ ಹೈಡ್ರೋಜನ್ ಜೊತೆ ಸೇರುವಾಗ ಮೋಲ್‌ಗೆ 86 ಕಿಲೋಜೌಲ್ ಹೊರಬರುತ್ತದೆ. ಸಾರಜನಕದಲ್ಲಿ ಪ್ರತಿ ಶೇ 1 ಹೈಡ್ರೋಜನ್‌ಗೆ ಸುಮಾರು 29 ಡಿಗ್ರಿ ಏರಿಕೆ ಎಂದು ನೆನಪಿಡಿ. ಶೇ 2ರಿಂದ ಶುರುಮಾಡಿ, 150 ಡಿಗ್ರಿ ದಾಟಿದ ಮೇಲೆ ನಿಮಿಷಕ್ಕೆ 1 ಡಿಗ್ರಿ ಮೀರದೆ 230–240ಕ್ಕೆ ಹೋಗಿ, ನೀರು ಬರುವುದು ನಿಂತ ಮೇಲೆ ಮಾತ್ರ ಹೈಡ್ರೋಜನ್ ಹೆಚ್ಚಿಸಿ. ಶುದ್ಧ ಹೈಡ್ರೋಜನ್ ಬಿಟ್ಟು ‘ಬೇಗ ಮುಗಿಸಿದ’ ಹಾಸು ಮೊದಲ ದಿನವೇ ಮುದಿಯಾಗಿರುತ್ತದೆ.

ತಾಮ್ರದ ಕಣ ದೊಡ್ಡದಾಗಿದೆಯೆ ಎಂದು ಎಕ್ಸ್‌ರೇ ವಿವರ್ತನೆಯಲ್ಲಿ 43.3 ಡಿಗ್ರಿ ಕೋನದ ಗೆರೆಯ ಅಗಲ ನೋಡಿ ಹೇಳಬಹುದು. ಆದರೆ ಅದು ದೊಡ್ಡ ಕಣಗಳ ಪರ ವಾದಿಸುವ ಸಾಕ್ಷಿ. ತೀರ ಚಿಕ್ಕವು ಅದಕ್ಕೆ ಕಾಣುವುದಿಲ್ಲ. ನೈಟ್ರಸ್ ಆಕ್ಸೈಡ್‌ನಿಂದ ತಾಮ್ರದ ಮೇಲ್ಮೈ ಅಳೆದು ಎರಡನ್ನೂ ಹೋಲಿಸಿ. ಕಣದ ಗಾತ್ರ ಹಾಗೇ ಇದ್ದು ಮೇಲ್ಮೈ ಮಾತ್ರ ಕುಗ್ಗಿದ್ದರೆ ಅದು ಗಂಟು ಕಟ್ಟಿದ್ದಲ್ಲ, ಏನೋ ಮೇಲೆ ಕೂತು ಮುಚ್ಚಿದೆ: ಗಂಧಕ, ಕೋಕ್ (ಇಂಗಾಲದ ಮಸಿ) ಅಥವಾ ವಲಸೆ ಬಂದ ಅಲ್ಯೂಮಿನಿಯಂ.

ನೀರಿನ ಪಾತ್ರ ಎರಡು ಬಗೆಯದು. ನಿಮ್ಮ ಅನಿಲದಲ್ಲಿ ಸಿಓ ಹೆಚ್ಚು, ಕಾರ್ಬನ್ ಡೈಆಕ್ಸೈಡ್ ಇಲ್ಲ. ಆದ ನೀರನ್ನು ತಾಮ್ರ ತಿಂದುಬಿಡುತ್ತದೆ, ಹಾಗಾಗಿ ನಿಮಗೆ ನೀರಿನ ಕಾಟ ಕಡಿಮೆ. ಕಾರ್ಬನ್ ಡೈಆಕ್ಸೈಡ್ ತುಂಬಿದ ಅನಿಲಕ್ಕೆ ಹೋದರೆ ಚಿತ್ರ ಬದಲಾಗುತ್ತದೆ. ನೀರು ತಾಮ್ರ ಮತ್ತು ಸತುವಿನ ಹರಳುಗಳನ್ನು ಬೆಳೆಸುತ್ತದೆ, ಗ್ಯಾಮಾ ಅಲ್ಯೂಮಿನಾದ ಲೂಯಿಸ್ ತಾಣಗಳ ಮೇಲೆ ಮೆಥನಾಲ್‌ಗೆ ಜಾಗ ಕೊಡದೆ ಕೂರುತ್ತದೆ. ಈ ಎರಡನೆಯದು ಒಣ ಅನಿಲ ಹಾಯಿಸಿದರೆ ವಾಪಸು ಬರುತ್ತದೆ, ಮೊದಲನೆಯದು ಬರುವುದಿಲ್ಲ. ನೀರಿನ ಒತ್ತಡ ತೀರ ಹೆಚ್ಚಿದರೆ ಅಲ್ಯೂಮಿನಾ ಭಾಗಶಃ ಬೋಹ್ಮೈಟ್ (ನೀರು ಸೇರಿದ ಅಲ್ಯೂಮಿನಾ) ಆಗಿಬಿಡುತ್ತದೆ. ನೀರು ಹೆಚ್ಚಿದ್ದಲ್ಲಿ ಜಿಯೋಲೈಟ್, ಕಡಿಮೆ ಇದ್ದಲ್ಲಿ ಅಗ್ಗದ ಅಲ್ಯೂಮಿನಾ ಎಂಬ ರೂಢಿ ಬಂದದ್ದು ಇದರಿಂದ. ಹಾಗೆಂದು ಕಾರ್ಬನ್ ಡೈಆಕ್ಸೈಡನ್ನು ಪೂರ್ತಿ ದೂರವಿಡುವುದೂ ಒಳ್ಳೆಯದಲ್ಲ. ಶೇ 3–5 ಇದ್ದರೆ ತಾಮ್ರ ಚುರುಕಾಗಿರುತ್ತದೆ.

ಕೋಕ್ ಅಥವಾ ಇಂಗಾಲದ ಮಸಿ ನಿಮ್ಮ ಉಷ್ಣಾಂಶದಲ್ಲಿ ಮುಖ್ಯ ಖಳನಾಯಕನಲ್ಲ ಎಂದುಕೊಳ್ಳುತ್ತೇನೆ, ಆದರೆ ಬಿಸಿ ಜಾಗವಿದ್ದರೆ ಮಾತು ಬೇರೆ. 280–300 ಡಿಗ್ರಿ ಮೇಲೆ ಬಲವಾದ ಆಮ್ಲ ತಾಣಗಳು ಡಿಎಂಇಯನ್ನು ಓಲಿಫಿನ್ (ಎಥಿಲೀನ್‌ನಂಥ ಹೈಡ್ರೋಕಾರ್ಬನ್) ಆಗಿ, ಓಲಿಫಿನ್‌ಗಳನ್ನು ಮೀಥೈಲ್ ಬೆಂಜೀನ್‌ಗಳಾಗಿ ಹೆಣೆಯತೊಡಗುತ್ತವೆ. ರಂಧ್ರದಿಂದ ಹೊರಬರಲಾಗದವು ಅಲ್ಲೇ ಮಸಿಯಾಗುತ್ತವೆ. ಉತ್ಪನ್ನದಲ್ಲಿ ಎಥಿಲೀನ್, ಪ್ರೊಪಿಲೀನ್ ಕಾಣತೊಡಗಿದರೆ ಅದೇ ಮುನ್ಸೂಚನೆ. ಕೋಕ್ ಅಳೆಯುವಾಗ ಒಂದು ಎಚ್ಚರ. ತೂಕ ಕಳೆಯುವ ಪರೀಕ್ಷೆಯಲ್ಲಿ ಗಾಳಿ ಬಿಟ್ಟರೆ ಲೋಹ ರೂಪದ ತಾಮ್ರ ಆಕ್ಸೈಡ್ ಆಗಿ ತನ್ನ ತೂಕದ ನಾಲ್ಕನೇ ಒಂದರಷ್ಟು ಹೆಚ್ಚುತ್ತದೆ, ಕೋಕ್ ಸುಟ್ಟು ಕಳೆದದ್ದು ಅದರಡಿ ಮುಚ್ಚಿಹೋಗುತ್ತದೆ. ‘ಕೋಕ್ ಇಲ್ಲ’ ಎಂದು ಬರೆಯುವ ಮೊದಲು ಹೊರಬಂದ ಕಾರ್ಬನ್ ಡೈಆಕ್ಸೈಡನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಎಣಿಸಿ.

ವಿಷಗಳ ಪೈಕಿ ಗಂಧಕ ಎಲ್ಲರಿಗೂ ಗೊತ್ತು. ದಶಲಕ್ಷಕ್ಕೆ 0.1 ಭಾಗಕ್ಕಿಂತ ಕಡಿಮೆ ಇರಬೇಕು. ಮುಂದೆ ಸತುವಿನ ಆಕ್ಸೈಡ್ ಕಾವಲು ಹಾಸು ಇಡಿ. ಕ್ಲೋರಿನ್ ಇನ್ನೂ ಕ್ರೂರಿ: 430 ಡಿಗ್ರಿಗೇ ಕರಗುವ ಕ್ಯೂಪ್ರಸ್ ಕ್ಲೋರೈಡ್ ಆಗಿ ತಾಮ್ರಕ್ಕೆ ಕಾಲು ಕೊಡುತ್ತದೆ, ಒಂದಿಷ್ಟು ಸಾಕು, ಕಣಗಳೆಲ್ಲ ಓಡಾಡತೊಡಗುತ್ತವೆ. ಅಮೋನಿಯಾ ಅಥವಾ ಅಮೀನ್ ಆಮ್ಲ ತಾಣಗಳನ್ನು ಹಿಡಿದುಕೊಳ್ಳುತ್ತದೆ. ಸಿದ್ಧಾಂತದಲ್ಲಿ ಇದು ವಾಪಸಾಗುವ ವಿಷ, ಆದರೆ ಝಡ್‌ಎಸ್‌ಎಂ-5ರ ಬಲವಾದ ತಾಣಗಳಿಂದ ಅಮೋನಿಯಾ ಬಿಡಿಸಲು 350–450 ಡಿಗ್ರಿ ಬೇಕು, ಆ ಶಾಖಕ್ಕೆ ಪಕ್ಕದ ತಾಮ್ರ ಉಳಿಯದು.

ಪ್ರಯೋಗಾಲಯಗಳಲ್ಲಿ ಅಲಕ್ಷ್ಯಕ್ಕೆ ಒಳಗಾಗುವ ವಿಷ ಕಬ್ಬಿಣದ ಕಾರ್ಬೊನಿಲ್. ಒತ್ತಡದ ಸಿಓ ಉಕ್ಕಿನ ಸಿಲಿಂಡರಿನಲ್ಲಿ ತಿಂಗಳುಗಟ್ಟಲೆ ಕೂತರೆ, ಅಥವಾ 100–200 ಡಿಗ್ರಿಯ ಉಕ್ಕಿನ ಕೊಳವೆಯಲ್ಲಿ ಹಾದರೆ, ಆವಿಯಾಗಬಲ್ಲ ಐರನ್ ಪೆಂಟಾಕಾರ್ಬೊನಿಲ್ ಆಗುತ್ತದೆ. ಅದು ಬಿಸಿ ಕ್ಯಾಟಲಿಸ್ಟ್ ಮೇಲೆ ಒಡೆದು ಕಬ್ಬಿಣ ಬಿಟ್ಟುಹೋಗುತ್ತದೆ. ಆ ಕಬ್ಬಿಣ ತಾಮ್ರವನ್ನು ಮುಚ್ಚುವುದಲ್ಲದೆ ತನ್ನದೇ ಕೆಲಸ ಶುರುಮಾಡುತ್ತದೆ, ಮೀಥೇನ್ ಮತ್ತು ಮೇಣ. ನಿಮ್ಮ ಮೀಥೇನ್ ಅಂಕಿ ದಿನದಿಂದ ದಿನಕ್ಕೆ ತುಸುವಾಗಿ ಏರುತ್ತಿದ್ದರೆ ಇದನ್ನು ಶಂಕಿಸಿ. ಹಾಸಿನ ಮೇಲ್ಪದರ ಬೇರೆ, ಕೆಳಪದರ ಬೇರೆ ತೆಗೆದು ಕಬ್ಬಿಣ ಅಳೆಯಿರಿ. ಮೇಲೆ ಮಾತ್ರ ಹೆಚ್ಚಿದ್ದರೆ ಸಂಶಯವೇ ಇಲ್ಲ. ಪರಿಹಾರ: ಅಲ್ಯೂಮಿನಿಯಂ ಸಿಲಿಂಡರಿನ ಸಿಓ, ಅದರ ನಂತರ ಕೋಣೆಯ ಉಷ್ಣಾಂಶದಲ್ಲಿ ಸಕ್ರಿಯ ಇದ್ದಿಲಿನ ಹಾಸು. ಮುನ್ಬಿಸಿ ಮಾಡುವ ಕೊಳವೆ ಆದಷ್ಟು ಗಿಡ್ಡವಾಗಿರಲಿ. ಈ ಕಾರ್ಬೊನಿಲ್ ಆವಿ ಮನುಷ್ಯರಿಗೂ ಘೋರ ವಿಷ, ಬಳಸಿದ ಇದ್ದಿಲನ್ನು ಫ್ಯೂಮ್ ಹುಡ್‌ನ ಹೊರಗೆ ಬಿಚ್ಚಬೇಡಿ.

ಕ್ಯಾಟಲಿಸ್ಟಿನ ಮುಂದಿನ ಕಂತು ಹೇಗೆ ಮಾಡಬೇಕು? ನೀರು ಬೇಡ, ಒಟ್ಟಿಗೆ ಅರೆಯುವುದೂ ಬೇಡ. ತಾಮ್ರದ ಪುಡಿಯನ್ನೂ ಜಿಯೋಲೈಟ್ ಪುಡಿಯನ್ನೂ ಬೇರೆ ಬೇರೆ ಒತ್ತಿ, ಒಡೆದು, 0.25–0.42 ಮಿಲಿಮೀಟರ್ ಜರಡಿ ಹಿಡಿದು, ಕಾಳುಗಳನ್ನು ಮಾತ್ರ ಬೆರೆಸಿ. ಮೆಥನಾಲ್ ಅನಿಲವಾಗಿ ಅಷ್ಟು ದೂರ ಸಲೀಸಾಗಿ ಹೋಗುತ್ತದೆ, ಸತು ಹೋಗುವುದಿಲ್ಲ. ಅತಿ ಹತ್ತಿರವಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಈ ಕ್ರಿಯೆಗೆ ಹೊಂದುವುದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೇಲೆ ತಾಮ್ರ, ಕೆಳಗೆ ಜಿಯೋಲೈಟ್ ಎಂದು ಎರಡು ಪದರ ಮಾಡಿದರೆ ಬಾಳಿಕೆ ಇನ್ನೂ ಹೆಚ್ಚು, ಆದರೆ ಮೆಥನಾಲ್ ಸಮತೋಲನದ ಗೋಡೆ ಮತ್ತೆ ಅಡ್ಡ ಬರುತ್ತದೆ, ಜೋಡಿಯ ಲಾಭವೇ ಹೋಗುತ್ತದೆ.

ತಾಮ್ರದ ಕಣದ ಸುತ್ತ ಜಿಯೋಲೈಟ್ ಚಿಪ್ಪು ಬೆಳೆಸುವ ಬಗೆ ಓದಲು ಚೆಂದ. ಚಿಪ್ಪು ಬೆಳೆಸುವ ದ್ರಾವಣ ಮಾತ್ರ ಕಟು ಕ್ಷಾರ. ಅದು ಸತುವನ್ನೂ ಅಲ್ಯೂಮಿನಾವನ್ನೂ ಕರಗಿಸಿಕೊಂಡು ಹೋಗುತ್ತದೆ.

ಅನುಪಾತ 15ರ ಬದಲು 40 ಅಥವಾ ಮೇಲಿನ ಜಿಯೋಲೈಟ್ ತೆಗೆದುಕೊಳ್ಳಿ. ಪ್ರೋಟಾನ್‌ಗಳು ವಿರಳವಾಗಿ ದೂರ ದೂರ ಇದ್ದಾಗ ಎರಡು ಧನಾವೇಶದ ಸತುವಿಗೆ ಜೋಡಿ ತಾಣ ಸಿಗುವುದು ಕಷ್ಟ. ಕೋಕ್ ಕೂಡ ಕಡಿಮೆ. 240 ಡಿಗ್ರಿಯಲ್ಲಿ ಶುರುಮಾಡಿ, ಚುರುಕು ಇಳಿದಂತೆ ಎರಡೆರಡು ಡಿಗ್ರಿ ಏರಿಸಿ. 270 ದಾಟುವುದು ಬೇಡ.

ಇದೇ ತೊಂದರೆ ಬೇರೆ ಜೋಡಿಗಳಲ್ಲೂ ಇದೆ. ಸೋಡಿಯಂ ಸೇರಿಸಿದ ಕಬ್ಬಿಣ ಮತ್ತು ಝಡ್‌ಎಸ್‌ಎಂ-5 ಸೇರಿಸಿ ಪೆಟ್ರೋಲ್ ಶ್ರೇಣಿಯ ಇಂಧನ ಮಾಡುವಾಗ ಪುಡಿಗಳನ್ನು ಅತಿ ಹತ್ತಿರ ಬೆರೆಸಿದರೆ ಸೋಡಿಯಂ ಜಿಯೋಲೈಟ್‌ಗೆ ಹೋಗಿ ಆಮ್ಲ ಕೊಲ್ಲುತ್ತದೆ. ಕಾಳು–ಕಾಳು ಬೆರೆಸಿದರೆ ಚೆನ್ನಾಗಿ ನಡೆಯುತ್ತದೆ. ಇಂಡಿಯಂ ಆಕ್ಸೈಡ್ ಜೊತೆಯೂ ಹಾಗೆಯೇ. ಓಡುವ ಅಯಾನು ಬೇರೆ, ಅದು ನುಗ್ಗುವ ಜಾಗ ಒಂದೇ.

ಈಗಿನ ಕಂತನ್ನು ಉಳಿಸಬಹುದೆ ಎಂಬ ಪ್ರಶ್ನೆ. ಪಿರಿಡಿನ್ ಪರೀಕ್ಷೆ ಸತು ದಾಟಿದೆ ಎಂದು ತೋರಿಸಿದರೆ ಇಲ್ಲ. ಜಿಯೋಲೈಟನ್ನು ಅಮೋನಿಯಂ ಲವಣದಲ್ಲಿ ಕುದಿಸಿ ಪ್ರೋಟಾನ್ ಮರಳಿಸಬಹುದು, ಆದರೆ ಒಟ್ಟಿಗೆ ಅರೆದ ಪುಡಿಯಿಂದ ಅದನ್ನು ಬೇರ್ಪಡಿಸಲಾಗದು, ಆ ದ್ರಾವಣ ತಾಮ್ರ–ಸತುವನ್ನೇ ಕರಗಿಸುತ್ತದೆ. ಕಾಳು–ಕಾಳು ಬೆರೆಸಿದ್ದರೆ ಜಿಯೋಲೈಟ್ ಕಾಳುಗಳನ್ನು ಆರಿಸಿ ತೆಗೆದು ಹೊಸವನ್ನು ಹಾಕಬಹುದಿತ್ತು. ಕಾರಣ ಕೋಕ್ ಮಾತ್ರ ಎಂದು ಗೊತ್ತಾದರೆ, ಸಾರಜನಕದಲ್ಲಿ ಶೇ 1–2 ಆಮ್ಲಜನಕ ಬಿಟ್ಟು 200 ಡಿಗ್ರಿಯಿಂದ ನಿಧಾನವಾಗಿ ಏರಿಸಿ ಸುಡಿ, 300–325 ಮೀರಬೇಡಿ, ಬಳಿಕ ಮೊದಲಿನಂತೆ ಅಪಕರ್ಷಿಸಿ. ಆ ಮಿತಿಯಲ್ಲಿ ತಾಮ್ರದ ಮೇಲಿನ ಮಸಿ ಹೋಗುತ್ತದೆ, ಜಿಯೋಲೈಟ್ ಒಳಗಿನ ಗಟ್ಟಿ ಕೋಕ್ ಪೂರ್ತಿ ಹೋಗುವುದಿಲ್ಲ, ಹಾಗಾಗಿ ಚೇತರಿಕೆ ಭಾಗಶಃ. ಹೊರತೆಗೆಯುವಾಗ ಮಾತ್ರ ಅವಸರ ಬೇಡ: ಅಪಕರ್ಷಿತ ತಾಮ್ರ ಗಾಳಿ ತಾಗಿದರೆ ಕೆಂಡವಾಗುತ್ತದೆ. ಕೋಣೆಯ ಉಷ್ಣಾಂಶಕ್ಕೆ ಇಳಿಸಿ, ಸಾರಜನಕದಲ್ಲಿ ಶೇ 0.5 ಆಮ್ಲಜನಕದಿಂದ ಶುರುಮಾಡಿ, ಥರ್ಮೊಕಪಲ್ ಅಲುಗದ ತನಕ ಕಾದು, ಆಮೇಲೆ ಹಂತ ಹಂತವಾಗಿ ಗಾಳಿಗೆ ಬಿಡಿ.